ಪದರದ ಚಿತ್ರಗಳನ್ನು ಕೂಡಿಸುವ ಬಗೆ

(ಶೋಳಿಂಗನಲ್ಲೂರಿನ ನಮ್ಮ ಉಚಿತ ವಾಚನಾಲಯದಲ್ಲಿ ಮಾಡಿದ ಭಾಷಣ)



ಮನೆಯಲ್ಲಿ ತೆಗೆದ ವಿಡಿಯೋಗಳನ್ನು ಕಂಪ್ಯೂಟರಿನಲ್ಲಿ ಹೊಂದಿಸುವುದರ ಬಗ್ಗೆ ನಾಲ್ಕು ಮಾತು ಆಡಬೇಕೆಂದು ಕಾರ್ಯದರ್ಶಿಗಳು ಅಪ್ಪಣೆ ಮಾಡಿದ್ದಾರೆ. ನಾನು ಮಿಲ್ಲಿನಲ್ಲಿ ಲೆಕ್ಕ ಬರೆಯುವವನು; ಈ ವಿದ್ಯೆಯಲ್ಲಿ ಪಂಡಿತನಲ್ಲ. ತಪ್ಪು ಮಾಡಿ ಕಲಿತದ್ದನ್ನಷ್ಟೇ ಹೇಳಬಲ್ಲೆ.

ನಮ್ಮ ತಾಯಿಯವರು ತಮ್ಮ ಮದುವೆಯ ಕಾಲದ ಸಂಗತಿಗಳನ್ನು ಹೇಳುತ್ತಿದ್ದಾಗ ಮೊಬೈಲಿನಲ್ಲಿ ಹಿಡಿದಿಟ್ಟೆ. ಇಲ್ಲಿ ಬೆಳೆಯುವ ನಮ್ಮ ಮಕ್ಕಳು ಶಾಲೆಯಲ್ಲಿ ಓದುವುದು ತಮಿಳು, ಇಂಗ್ಲಿಷು. ಊರಿನ ಕನ್ನಡ ಅವರ ಕಿವಿಗೆ ಬೀಳುವುದು ಅಜ್ಜಿಯ ಬಾಯಿಂದಲೇ. ಆದಕಾರಣ ಅದನ್ನು ಅಚ್ಚುಕಟ್ಟಾಗಿ ಉಳಿಸಬೇಕೆನಿಸಿತು.

ತಾಯಿಯವರು ಮಾತನಾಡುವ ವಿಡಿಯೋವನ್ನು ಕೆಳಗಿನ ಟ್ರ್ಯಾಕಿನಲ್ಲಿ ಇಟ್ಟೆ. ಅದರ ಮೇಲೆ, ತೀರಿಕೊಂಡ ನಮ್ಮ ತಂದೆಯವರ ಎರಡು ಫೋಟೋಗಳನ್ನು ಒಂದೊಂದು ಟ್ರ್ಯಾಕಿನಲ್ಲಿ ಹೊದಿಸಿದೆ. ಮೊದಲನೆಯದು ಮಾಸುತ್ತ ಹೋಗಲಿ, ಎರಡನೆಯದು ಮೂಡುತ್ತ ಬರಲಿ ಎಂದು ಎರಡಕ್ಕೂ ಫೇಡ್ ಹಾಕಿದೆ. ತಾಯಿಯವರಿಗೆ ತೋರಿಸಿದಾಗ ಅವರು ತಟ್ಟನೆ, “ಏನೋ ಇದು, ನಿಮ್ಮಪ್ಪ ಬಾಯಿ ತೆರೆದ ಹಾಗಾಯಿತಲ್ಲೋ!” ಎಂದು ಸೆರಗಿನಿಂದ ಕಣ್ಣೊರೆಸಿಕೊಂಡರು. ಮತ್ತೆ ಹಾಕಿ ನೋಡಿದೆ. ಫೋಟೋ ಬದಲಾಗುವ ಆ ಒಂದು ಕ್ಷಣದಲ್ಲಿ ಕೆಳಗಿದ್ದ ತಾಯಿಯವರ ತುಟಿಗಳು ತಂದೆಯವರ ಮುಖದೊಳಗೆ ಆಡುತ್ತಿದ್ದವು.

ಇದು ಹೇಗಾಯಿತು? ಹಳೆಯ ಸಿನಿಮಾದಲ್ಲಿ ಡಿಸಾಲ್ವ್ ಎಂಬುದು ಇದಕ್ಕಿಂತ ಬೇರೆ. ಫ್ರಾನ್ಸಿನ ಜಾರ್ಜ್ ಮೆಲಿಯೆಸ್ 1899ರ ತನ್ನ ‘ಸಿಂಡ್ರೆಲಾ’ ಚಿತ್ರದಲ್ಲೇ ಅದನ್ನು ಬಳಸಿದ್ದನು. ನಮ್ಮ ಕೋಡಂಬಾಕ್ಕಂ, ವಡಪಳನಿಗಳ ಸ್ಟುಡಿಯೋಗಳಲ್ಲಿ 1950, 60ರ ದಶಕಗಳಲ್ಲಿ ಅನೇಕ ಕನ್ನಡ ಚಿತ್ರಗಳು ತಯಾರಾದಾಗಲೂ ಕಂಪ್ಯೂಟರು ಇರಲಿಲ್ಲ. ಡಿಸಾಲ್ವ್ ಬೇಕಾದರೆ ಮೊದಲ ದೃಶ್ಯದ ಬೆಳಕನ್ನು ಮೆಲ್ಲಗೆ ಇಳಿಸಿ, ಫಿಲ್ಮನ್ನು ಹಿಂದಕ್ಕೆ ಸುತ್ತಿ, ಅದೇ ಭಾಗದ ಮೇಲೆ ಎರಡನೆಯ ದೃಶ್ಯದ ಬೆಳಕನ್ನು ಮೆಲ್ಲಗೆ ಏರಿಸಬೇಕು. ಒಂದರಲ್ಲಿ ಕಡಿಮೆಯಾದದ್ದನ್ನು ಇನ್ನೊಂದು ತುಂಬಿಕೊಡುತ್ತದೆ. ಅಲ್ಲಿ ‘ಕೆಳಗೆ’ ಎಂಬುದೇ ಇಲ್ಲ.

ಟ್ರ್ಯಾಕುಗಳಾದರೋ ದೀಪದ ಮುಂದೆ ಹಿಡಿದ ಬಟ್ಟೆಗಳಂತೆ. ನಡುಹಂತದಲ್ಲಿ ಮೇಲಿನ ಫೋಟೋ ಅರ್ಧ ಮಾತ್ರ ಮರೆಮಾಡುತ್ತದೆ; ಉಳಿದರ್ಧದಲ್ಲಿ ಇನ್ನೊಂದು ಫೋಟೋ ಅರ್ಧವನ್ನು ತಡೆಯುತ್ತದೆ. ಅರ್ಧದಲ್ಲಿ ಅರ್ಧ, ಅಂದರೆ ಕಾಲುಭಾಗ, ಅಡಿಯ ಚಿತ್ರವೇ ಕಾಣುತ್ತದೆ. ಲೆಕ್ಕ ಬರೆಯುವವನಾಗಿ ನಾನು ಇದನ್ನು ಮೊದಲೇ ಕಾಣಬೇಕಿತ್ತು.

ಪರಿಹಾರ ಸುಲಭ. ಎರಡು ಚಿತ್ರಗಳು ಎರಡು ಟ್ರ್ಯಾಕಿನಲ್ಲಿದ್ದರೆ, ಮೇಲಿನದಕ್ಕೆ ಮಾತ್ರ ಫೇಡ್ ಹಾಕಿರಿ. ಕೆಳಗಿನದು ಪೂರ್ಣವಾಗಿ ನಿಂತಿರಲಿ. ಹೊಸ ಚಿತ್ರ ಮೇಲಿದ್ದರೆ ಅದು ಪೂರ್ತಿ ಮೂಡಿದ ಮೇಲೆ ಹಳೆಯದನ್ನು ತೆಗೆಯಿರಿ. ಹಳೆಯದು ಮೇಲಿದ್ದರೆ, ಅದು ಮಾಸುವ ಮೊದಲೇ ಹೊಸದು ಅಡಿಯಲ್ಲಿ ಸಿದ್ಧವಾಗಿರಬೇಕು. ಉಚಿತವಾಗಿ ಸಿಗುವ ಶಾಟ್‌ಕಟ್ ಎಂಬ ತಂತ್ರಾಂಶದಲ್ಲಿ ಫೇಡ್ ಹಾಕಿದರೆ ಚಿತ್ರವು ಕಪ್ಪಿಗೆ ತಿರುಗಬಹುದು. ಹಾಗಾದರೆ ಕಪ್ಪಿನ ಬದಲು ಪಾರದರ್ಶಕತೆಯನ್ನು ಹೊಂದಿಸಬೇಕು. ಎರಡು ಫೋಟೋಗಳೂ ಒಂದೇ ಟ್ರ್ಯಾಕಿನಲ್ಲಿದ್ದರೆ ಇನ್ನೂ ಸುಲಭ: ಒಂದನ್ನು ಇನ್ನೊಂದರ ಮೇಲೆ ಸ್ವಲ್ಪ ಸರಿಸಿದರೆ ಟ್ರಾನ್ಸಿಷನ್ ತಾನಾಗಿ ಹುಟ್ಟುತ್ತದೆ.

ಆದರೆ ಹೀಗೆ ಸರಿಸಿದಾಗ ಕಾಲ ಕಡಿಮೆಯಾಗುತ್ತದೆ. ಸೆಕೆಂಡಿಗೆ 25 ಫ್ರೇಮಿನ ವಿಡಿಯೋದಲ್ಲಿ ಒಂದು ಸೆಕೆಂಡಿನ ಕೂಡಿಕೆ 25 ಫ್ರೇಮುಗಳನ್ನು ನುಂಗುತ್ತದೆ. ಉಳಿದ ಚಿತ್ರಗಳನ್ನೂ ಜೊತೆಗೆ ಎಳೆದುಕೊಳ್ಳುತ್ತ ಹತ್ತು ಕೂಡಿಕೆ ಮಾಡಿದರೆ, ಕೊನೆಯ ಚಿತ್ರ ಮಾತಿಗಿಂತ ಹತ್ತು ಸೆಕೆಂಡು ಮೊದಲೇ ಬಂದು ನಿಲ್ಲುತ್ತದೆ. ಅಜ್ಜಿ ಬಾವಿಯ ಕಥೆ ಹೇಳುತ್ತಿರುವಾಗ ತೆರೆಯ ಮೇಲೆ ತೇರು ಬಂದರೆ ಮಕ್ಕಳು ಏನೆಂದುಕೊಂಡಾರು? ಫೋಟೋಗಳನ್ನು ಬೇಕಾದಷ್ಟು ಹಿಗ್ಗಿಸಬಹುದು. ಆದಕಾರಣ ಅವನ್ನೇ ಒಂದೊಂದು ಸೆಕೆಂಡು ಹೆಚ್ಚಿಸಿಕೊಳ್ಳಿರಿ. ಮಾತಿನ ಟ್ರ್ಯಾಕನ್ನು ಮುಟ್ಟಬೇಡಿರಿ.

ಇನ್ನೊಂದು ಮಾತು. ಮೇಲೆ ಹೊದಿಸಿದ ಚಿತ್ರವು ಅಡಿಯಲ್ಲಿ ನಾವು ಕತ್ತರಿಸಿದ ಗಾಯವನ್ನು ಮುಚ್ಚಿಬಿಡುತ್ತದೆ. ಕೆಮ್ಮು ತೆಗೆದರೆ ದೋಷವಿಲ್ಲ. ಆದರೆ “ಅಣ್ಣನ ಮೇಲೆ ಕೋಪವಿತ್ತು, ಆಮೇಲೆ ಅವನೇ ನನ್ನನ್ನು ಸಾಕಿದ” ಎಂದು ಹಿರಿಯರು ಹೇಳಿದಾಗ ಅರ್ಧ ಕತ್ತರಿಸಿ ಮೇಲೆ ಚೆಂದದ ಫೋಟೋ ಇಟ್ಟರೆ, ನೋಡುವವರಿಗೆ ತಿಳಿಯುವುದೇ ಇಲ್ಲ. ಹಿರಿಯರು ಆಡದ ಮಾತನ್ನು ನಾವು ಆಡಿಸಿದಂತಾಗುತ್ತದೆ.

ತಾಯಿಯವರ ವಿಡಿಯೋವನ್ನು ಆ ರಾತ್ರಿಯೇ ಸರಿಪಡಿಸಿದೆ. ಈಗ ತಂದೆಯವರು ತೆರೆಯ ಮೇಲೆ ಸುಮ್ಮನೆ ಬಂದು ಸುಮ್ಮನೆ ಹೋಗುತ್ತಾರೆ, ಮಾತೆಲ್ಲ ತಾಯಿಯವರದೇ. ಮನೆಯಲ್ಲಿ ಹಿರಿಯರಿರುವವರು ಇಂದೇ ಅವರ ಮಾತನ್ನು ಹಿಡಿದಿಡಿರಿ. ಕೂಡಿಸುವ ಕೆಲಸ ನಾಳೆ ಆದೀತು. ಅದರಲ್ಲಿ ನನಗೆ ತಿಳಿದಷ್ಟು ನೆರವು ಕೊಡಲು ಸಿದ್ಧನಿದ್ದೇನೆ.