ಗುಜರಿಯಲ್ಲಿ ಸಿಗುವ ಒಂದು ಸಾಲಿನ ಕಣ್ಣು

ಮೊಬೈಲ್ ಕ್ಯಾಮೆರಾದ ಸೆನ್ಸರಿನಲ್ಲಿ ಪಿಕ್ಸೆಲ್‌ಗಳು ಉದ್ದಗಲಕ್ಕೂ ಹರಡಿರುತ್ತವೆ. ಲೀನಿಯರ್ ಸೆನ್ಸರಿನಲ್ಲಿ ಅವು ಒಂದೇ ಸಾಲಾಗಿ ಕೂತಿರುತ್ತವೆ. ಸ್ಕ್ಯಾನರ್, ಫ್ಯಾಕ್ಸ್, ಕೆಲವು ಬಾರ್‌ಕೋಡ್ ರೀಡರ್‌ಗಳಲ್ಲಿ ಕೆಲಸ ಮಾಡುವುದು ಇದೇ. ಬೆಳಕಿನ ಬಣ್ಣಗಳನ್ನು ಬಿಡಿಸಿ ಅಳೆಯುವ ರೋಹಿತಮಾಪಕವನ್ನು ಮನೆಯಲ್ಲೇ ಕಟ್ಟುವ ಹುಡುಗ ಹುಡುಗಿಯರಿಗೂ ಇದೇ ಬೇಕು. ತರುವುದೆಲ್ಲಿಂದ?

ಬೆಂಗಳೂರಿನವರಿಗೆ ಮೊದಲು ನೆನಪಾಗುವುದು ಎಲೆಕ್ಟ್ರಾನಿಕ್ಸ್ ಸಾಮಾನಿನ ಅಂಗಡಿಗಳಿರುವ ಎಸ್.ಪಿ. ರಸ್ತೆ. ಕೆಟ್ಟ ಸ್ಕ್ಯಾನರ್ ಕೈಗೆ ಬಂದರೆ ಬಿಡಬೇಡಿ, ಆದರೆ ಬಿಚ್ಚಿ ನೋಡಿ. ತೆಳ್ಳನೆಯ ಸ್ಕ್ಯಾನರಿನಲ್ಲಿ ಕಾಗದದ ಅಗಲಕ್ಕೂ ಚಾಚಿದ ಒಂದು ಸೆನ್ಸರ್ ಪಟ್ಟಿ ಇರುತ್ತದೆ. ಅದರೊಳಗೆ ಕೆಂಪು, ಹಸಿರು, ನೀಲಿ ಎಲ್‌ಇಡಿಗಳು, ಮೇಲೆ ಸಣ್ಣ ಗಾಜಿನ ಕಡ್ಡಿಗಳ ಮಸೂರ. ಆ ಮಸೂರ ಕೆಲವೇ ಮಿಲಿಮೀಟರ್ ದೂರದ್ದನ್ನು ಮಾತ್ರ ಸ್ಪಷ್ಟವಾಗಿ ಕಾಣುತ್ತದೆ. ದಪ್ಪ ಸ್ಕ್ಯಾನರಿನಲ್ಲಿ ಕನ್ನಡಿಗಳ ಹಿಂದೆ ಸಿಸಿಡಿ ಎಂಬ ಬಗೆಯ ಸೆನ್ಸರ್ ಚಿಪ್ ಸಿಗುತ್ತದೆ, ಆದರೆ ಸಾಮಾನ್ಯವಾಗಿ ಅದರ ಮೇಲೆ ಬಣ್ಣದ ಫಿಲ್ಟರುಗಳಿರುತ್ತವೆ. ರೋಹಿತಮಾಪಕಕ್ಕೆ ಅದು ಒಗ್ಗದು. ನನ್ನ ಕೇಳಿದರೆ, ಸಿಸಿಡಿ ಬಗೆಯ ಹಳೆಯ ಬಾರ್‌ಕೋಡ್ ರೀಡರ್ ಹುಡುಕುವುದು ಒಳ್ಳೆಯದು. ಅದರ ಸೆನ್ಸರಿಗೆ ಬಣ್ಣದ ಹಂಗಿಲ್ಲ.

ಹೊಸದನ್ನೇ ಕೊಳ್ಳುವವರು ಹೆಚ್ಚಾಗಿ ಆರಿಸುವುದು ತೋಷಿಬಾದ ಟಿಸಿಡಿ 1304. ಗಾಜಿನ ಕಿಟಕಿಯಡಿ, ಮೂರು ಸೆಂಟಿಮೀಟರಿಗೂ ಕಡಿಮೆ ಉದ್ದದಲ್ಲಿ 3,648 ಪಿಕ್ಸೆಲ್‌ಗಳು. ಆ ಸಂಖ್ಯೆಗೆ ಮರುಳಾಗಿ ಹಣ ಕೊಡುವ ಮುನ್ನ, ಸೆನ್ಸರನ್ನು ನಡೆಸುವ ನಿಮ್ಮ ಮೈಕ್ರೋಕಂಟ್ರೋಲರ್ ಬೋರ್ಡನ್ನು ನೋಡಿಕೊಳ್ಳಿ. ಒಂದು ಪಿಕ್ಸೆಲ್‌ಗೆ ಎರಡು ಬೈಟ್ ಅಂದರೂ ಏಳು ಸಾವಿರ ಬೈಟ್ ದಾಟುತ್ತದೆ; ಆರ್ಡುಯಿನೊ ಉನೊ ಆರ್3 ಬೋರ್ಡಿನಲ್ಲಿರುವ ರ‍್ಯಾಮ್ ಬರೀ 2,048 ಬೈಟ್. ವೇಗದ್ದೂ ತೊಡಕು: ಈ ಚಿಪ್ಪಿಗೆ ಕನಿಷ್ಠ 8 ಲಕ್ಷ ಹರ್ಟ್ಸ್ ಗಡಿಯಾರ ಬೇಕು, ನಾಲ್ಕು ಬಡಿತಕ್ಕೊಂದು ಪಿಕ್ಸೆಲ್ ಹೊರಬರುತ್ತದೆ. ಸೆಕೆಂಡಿಗೆ ಎರಡು ಲಕ್ಷ! ಉನೊ ಸಹಜವಾಗಿ ಅಳೆಯುವುದು ಸುಮಾರು ಹತ್ತು ಸಾವಿರ. ಇದಕ್ಕೆ ಎಸ್‌ಟಿಎಂ32 ಜಾತಿಯ ಬೋರ್ಡೇ ಸರಿ.

ಉನೊ ಬಿಟ್ಟು ಬೇರೆ ಇಲ್ಲದವರು ಬೇಸರಪಡಬೇಕಿಲ್ಲ. 128 ಪಿಕ್ಸೆಲ್‌ಗಳ ಟಿಎಸ್ಎಲ್ 1401 ನಿಧಾನದ ಗಡಿಯಾರಕ್ಕೂ ಒಪ್ಪುತ್ತದೆ. ನೆಲದ ಗೆರೆ ಹಿಡಿದು ಓಡುವ ಪುಟ್ಟ ಕಾರಿಗೆ ಅಷ್ಟು ಧಾರಾಳವಾಗಿ ಸಾಕು.

ಆನ್‌ಲೈನಿನಲ್ಲಿ ಬರುವ ಚಿಪ್‌ಗಳಲ್ಲಿ ಬೇರೆ ಸಲಕರಣೆಯಿಂದ ಕಿತ್ತವೂ ಇರುತ್ತವೆ. ಕಾಲುಗಳಲ್ಲಿ ಹಳೆಯ ಬೆಸುಗೆಯ ಗುರುತಿದೆಯೇ, ಗಾಜಿಗೆ ಗೀರು ಬಿದ್ದಿದೆಯೇ ನೋಡಿ. ಬಂದ ದಿನವೇ ಪರೀಕ್ಷಿಸಿ. ಟಿಸಿಡಿ 1304ರ ಔಟ್‌ಪುಟ್ ತಲೆಕೆಳಗು: ಕತ್ತಲಲ್ಲಿ ವೋಲ್ಟೇಜ್ ಮೇಲಿರುತ್ತದೆ, ಟಾರ್ಚ್ ಬಿಟ್ಟರೆ ಇಳಿಯುತ್ತದೆ. ಹಾಗೆ ಇಳಿಯದಿದ್ದರೆ, ವೈರಿಂಗ್ ಇನ್ನೊಮ್ಮೆ ನೋಡಿ, ಆಮೇಲೆ ಚಿಪ್ಪನ್ನು ವಾಪಸ್ ಕಳಿಸಿ.