ಮನೆಯ ವಿದ್ಯುತ್ತಿಗೊಂದು ತೆರೆದ ಕೀರ್ದಿ
(ನಮ್ಮ ವಾಚನಾಲಯದ ರವಿವಾರದ ಕೂಟದಲ್ಲಿ ಮಾಡಿದ ಭಾಷಣ)



ಕಿರಾಣಿ ಅಂಗಡಿಯವನು ಅಕ್ಕಿಗೆಷ್ಟು, ಬೇಳೆಗೆಷ್ಟು ಎಂದು ಬರೆದು ಕೊಡದೆ, ತಿಂಗಳ ಕೊನೆಗೆ ‘ಒಟ್ಟು ಇಷ್ಟು ಕೊಡಿ’ ಎಂದರೆ ನಾವು ಸುಮ್ಮನಿರುವುದಿಲ್ಲ. ವಿದ್ಯುತ್ತಿನ ಬಿಲ್ಲು ಮಾತ್ರ ಹಾಗೆಯೇ ಬರುತ್ತದೆ, ಸುಮ್ಮನೆ ಕಟ್ಟುತ್ತೇವೆ. ಪಂಖೆ ತಿಂದದ್ದೆಷ್ಟು, ಇಸ್ತ್ರಿ ಪೆಟ್ಟಿಗೆ ತಿಂದದ್ದೆಷ್ಟು ಎಂಬುದು ಅದರಲ್ಲಿಲ್ಲ. ಬಾಡಿಗೆ ಖೋಲಿಯಲ್ಲಿರುವವರ ಪಾಡು ಇನ್ನೂ ಕಷ್ಟ. ಅವರಲ್ಲಿ ಹಲವರ ಕೈಗೆ ಬಿಲ್ಲೂ ಬರುವುದಿಲ್ಲ. ಮಾಲೀಕರು ಉಪಮೀಟರು ನೋಡಿ ಹೇಳಿದ ಅಂಕಿಯೇ ಕೊನೆಯ ಮಾತು.

ಮೀಟರಿನಲ್ಲಿ ಒಂದು ಕೆಂಪು ದೀಪ ಮಿನುಗುತ್ತಿರುವುದನ್ನು ತಾವು ನೋಡಿರಬಹುದು. ಒಂದು ಯೂನಿಟ್ಟಿಗೆ ಎಷ್ಟು ಮಿನುಗು ಎಂಬುದು ಅದರ ಹತ್ತಿರವೇ ಅಚ್ಚಾಗಿರುತ್ತದೆ. 3200 ಎಂಬ ಅಂಕಿ ಸಾಮಾನ್ಯ. ಅಂಥ ಮೀಟರಿನಲ್ಲಿ ಎರಡು ಮಿನುಗುಗಳ ನಡುವೆ ಕಳೆದ ಸೆಕೆಂಡುಗಳನ್ನು ಎಣಿಸಿ, 1125ನ್ನು ಅದರಿಂದ ಭಾಗಿಸಿದರೆ, ಆ ಹೊತ್ತಿಗೆ ಮನೆ ಎಳೆಯುತ್ತಿರುವ ವ್ಯಾಟು ಸಿಗುತ್ತದೆ. ಎಲ್ಲವನ್ನೂ ಆರಿಸಿ ಪಂಖೆಯೊಂದನ್ನೇ ಹಾಕಿ ನೋಡಿ. 15 ಸೆಕೆಂಡಿಗೊಮ್ಮೆ ಮಿನುಗಿದರೆ 75 ವ್ಯಾಟು. ದಿನಕ್ಕೆ 10 ತಾಸಿನಂತೆ 30 ದಿನಕ್ಕೆ 22.5 ಯೂನಿಟ್ಟು. ಈಗ ಬಂದಿರುವ ಬಿ.ಎಲ್.ಡಿ.ಸಿ. ಪಂಖೆಗೆ 30 ವ್ಯಾಟಿನ ಆಸುಪಾಸು ಸಾಕು. ಲೆಕ್ಕ 9 ಯೂನಿಟ್ಟಿಗೆ ಇಳಿಯುತ್ತದೆ. ಇನ್ನು ಎಲ್ಲ ಸ್ವಿಚ್ಚು ಆರಿಸಿದ ಮೇಲೂ ದೀಪ ಮಿನುಗುತ್ತಿದ್ದರೆ ಯಾವುದೋ ಎಳೆಯುತ್ತಿದೆ ಎಂದೇ ಅರ್ಥ. ಟಿ.ವಿ.ಯ ಪೆಟ್ಟಿಗೆ ಇರಬಹುದು, ಪಕ್ಕದ ಖೋಲಿಯ ತಂತಿಯೂ ಇರಬಹುದು!

ಹಗಲೂ ರಾತ್ರಿ ಗಡಿಯಾರ ಹಿಡಿದು ಕೂಡಲು ಯಾರಿಗೆ ಬಿಡುವಿದೆ? ಈ ಕೆಲಸವನ್ನು ಸಾಫ್ಟ್‌ವೇರಿಗೆ ಒಪ್ಪಿಸಬಹುದು. ಬ್ರಿಟನ್ನಿನ ವೇಲ್ಸ್ ಸೀಮೆಯ ಸ್ನೋಡೋನಿಯಾ ಗುಡ್ಡಗಾಡಿನಲ್ಲಿ ಟ್ರಿಸ್ಟನ್ ಲೀ, ಗ್ಲಿನ್ ಹಡ್ಸನ್ ಎಂಬವರು ‘ಓಪನ್ ಎನರ್ಜಿ ಮಾನಿಟರ್’ ಎಂಬುದನ್ನು ಕಟ್ಟಿದ್ದಾರೆ. ಮಿನುಗನ್ನು ಎಣಿಸುವ ಕಣ್ಣು, ತಂತಿಯ ಸುತ್ತ ಹಾಕುವ ಚಿಮಟ, ಅವು ಕಳಿಸಿದ ಅಂಕಿಗಳನ್ನು ಬರೆದಿಟ್ಟು ನಕ್ಷೆ ತೋರಿಸುವ ಸಾಫ್ಟ್‌ವೇರು, ಇಷ್ಟೂ ಅದರಲ್ಲಿದೆ. ಸಾಫ್ಟ್‌ವೇರಿನ ಮೂಲಬರಹವನ್ನು ಯಾರೂ ಓದಬಹುದು, ನಕಲು ಮಾಡಬಹುದು, ತಿದ್ದಬಹುದು. ತಿದ್ದಿ ಇನ್ನೊಬ್ಬರಿಗೆ ಕೊಟ್ಟವರು ತಮ್ಮ ತಿದ್ದುಪಡಿಯನ್ನೂ ತೆರೆದಿಡಬೇಕು. ಅಮೇರಿಕೆಯ ರಿಚರ್ಡ್ ಸ್ಟಾಲ್ಮನ್ನರು 1983ರಲ್ಲಿ ‘ಗ್ನೂ’ ಯೋಜನೆಯನ್ನು ಸಾರಿ ಹಾಕಿಕೊಟ್ಟ ದಾರಿ ಇದು.

ಪುಕ್ಕಟೆ ಸಿಗುತ್ತದೆಂಬುದು ದೊಡ್ಡ ಮಾತಲ್ಲ. ಅಗ್ಗದ ಕೆಲವು ಉಪಕರಣಗಳು ಕರೆಂಟನ್ನು ಮಾತ್ರ ಅಳೆದು, ವೋಲ್ಟೇಜು 230 ಇದ್ದೇ ಇದೆ ಎಂದು ಹಿಡಿದು ಗುಣಿಸಿಬಿಡುತ್ತವೆ. ನಮ್ಮ ಕಡೆ ಅದು ಇದ್ದಲ್ಲಿ ನಿಲ್ಲುತ್ತದೆಯೆ? ಪುಣೆಯ ಪ್ರಯಾಸ್ ಸಂಸ್ಥೆಯವರು ಊರೂರಿನಲ್ಲಿ ಉಪಕರಣವಿಟ್ಟು ನಿಮಿಷ ನಿಮಿಷದ ವೋಲ್ಟೇಜನ್ನು ದಾಖಲಿಸಿ, ಎಲ್ಲರೂ ನೋಡುವಂತೆ ಪ್ರಕಟಿಸಿದ್ದಾರೆ. ಅದರ ಏರಿಳಿತ ಅಲ್ಲಿ ಕಾಣುತ್ತದೆ. ಅದಲ್ಲದೆ ಮೋಟಾರಿನಲ್ಲಿ ಕರೆಂಟೂ ವೋಲ್ಟೇಜೂ ಒಂದೇ ಹೆಜ್ಜೆಯಲ್ಲಿ ನಡೆಯುವುದಿಲ್ಲ. ಸುಮ್ಮನೆ ಗುಣಿಸಿದರೆ ನಿಜವಾದ ಬಳಕೆಗಿಂತ ಹೆಚ್ಚು ಬರುತ್ತದೆ. ಸರಿಯಾದ ಕ್ರಮವೆಂದರೆ ಎರಡನ್ನೂ ಕ್ಷಣಕ್ಷಣಕ್ಕೆ ಅಳೆದು, ಆಗಾಗಲೇ ಗುಣಿಸಿ, ಸರಾಸರಿ ತೆಗೆಯುವುದು. ಮುಚ್ಚಿದ ಪೆಟ್ಟಿಗೆ ಇವೆರಡರಲ್ಲಿ ಯಾವುದನ್ನು ಮಾಡುತ್ತಿದೆ ಎಂದು ತಿಳಿಯುವ ಬಗೆಯಿಲ್ಲ. ತೆರೆದ ಸಾಫ್ಟ್‌ವೇರಿನಲ್ಲಿ ಆ ಸಾಲನ್ನೇ ತೆಗೆದು ಓದಬಹುದು. ನನ್ನಂಥ ಗಿರಣಿಯ ಕಾರಕೂನನಿಗೆ ಇದು ಬೇಗ ತಿಳಿಯುತ್ತದೆ: ಖಾತೆಯ ಮೊತ್ತದ ಬಗ್ಗೆ ತಕರಾರು ಬಂದರೆ ಕೀರ್ದಿ ತರಿಸುತ್ತೇವೆ.

ಚಿಮಟವನ್ನು ಒಂದೇ ತಂತಿಯ ಸುತ್ತ ಹಾಕಬೇಕು. ಎರಡನ್ನೂ ಸೇರಿಸಿ ಹಿಡಿದರೆ ಹೋಗುವ ಕರೆಂಟೂ ಬರುವ ಕರೆಂಟೂ ಒಂದನ್ನೊಂದು ಅಳಿಸಿ ಸೊನ್ನೆ ತೋರಿಸುತ್ತದೆ. ಬೋರ್ಡು ಬಿಚ್ಚುವ ಕೆಲಸ ವೈರ್‌ಮನ್ನನದು, ದಯವಿಟ್ಟು ತಾವು ಕೈ ಹಾಕಬೇಡಿ. ಮಿನುಗು ಎಣಿಸುವುದಕ್ಕೆ ಏನನ್ನೂ ಬಿಚ್ಚಬೇಕಾಗಿಲ್ಲ.

ಬಿಲ್ಲಿಗೆ ಕಂಪನಿಯ ಮೀಟರೇ ಪ್ರಮಾಣ, ನಮ್ಮ ನಕ್ಷೆಯಲ್ಲ. ಆದರೆ ತಾರೀಖುವಾರು ಬರೆದಿಟ್ಟ ಅಂಕಿಗಳಿದ್ದರೆ ಮೀಟರು ಪರೀಕ್ಷಿಸಿರೆಂದು ಅರ್ಜಿ ಕೊಡಲು ಧೈರ್ಯ ಬರುತ್ತದೆ. ಮಾಲೀಕರ ಹತ್ತಿರವೂ ಜಗಳವಿಲ್ಲದೆ ‘ತಿಂಗಳ ಮೊದಲ ಅಂಕಿ ಇದು, ಕೊನೆಯದು ಇದು’ ಎಂದು ಮಾತಾಡಬಹುದು.

ಮಿನುಗಿನ ಕೋಷ್ಟಕವೊಂದನ್ನು ಬರೆದು ವರ್ತಮಾನಪತ್ರಗಳ ಮೇಜಿನ ಮೇಲೆ ಇಟ್ಟಿದ್ದೇನೆ; ನಕಲು ಮಾಡಿಕೊಳ್ಳಿ. ತಮ್ಮ ಮನೆಗಳಲ್ಲಿ ಪ್ರೋಗ್ರಾಂ ಬರೆಯಲು ಕಲಿಯುತ್ತಿರುವ ಹುಡುಗರು, ಹುಡುಗಿಯರು ಇದ್ದರೆ ಮುಂದಿನ ರವಿವಾರ ಕರೆತನ್ನಿ. ಪರದೆಯ ಮೇಲಿನ ಮಾತುಗಳನ್ನು ಕನ್ನಡಕ್ಕೆ ತರುವ ಕೆಲಸವೂ ಇದೆ. ಅದಕ್ಕೆ ಪ್ರೋಗ್ರಾಂ ಬರಬೇಕಾಗಿಲ್ಲ.