ಮುಖ ನೋಡಿ ಮಣೆ



2024ರ ಜುಲೈ 29ರ ರಾತ್ರಿ, ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಇಟಲಿಯ ಈಜುಗಾರ ಥಾಮಸ್ ಚೆಕ್ಕೋನ್ 100 ಮೀಟರ್ ಬ್ಯಾಕ್‌ಸ್ಟ್ರೋಕ್ ಗೆದ್ದರು. ತೆಗೆದುಕೊಂಡ ಸಮಯ ಸರಿಯಾಗಿ 52 ಸೆಕೆಂಡು. ವಯಸ್ಸು 23. ನೋಡನೋಡುತ್ತಿದ್ದಂತೆ ಅವರ ಚಿತ್ರ ದೇಶದೇಶಗಳ ಮೊಬೈಲುಗಳನ್ನು ಹೊಕ್ಕಿತು. ಎಲ್ಲರ ಬಾಯಲ್ಲೂ ಒಂದೇ ಮಾತು: ಎಂಥ ಚೆಲುವ!

ಕೆಲವೇ ದಿನಗಳಲ್ಲಿ ಇನ್ನೊಂದು ಚಿತ್ರ ಬಂತು. ಒಲಿಂಪಿಕ್ ಗ್ರಾಮದಲ್ಲಿ, ಬೆಂಚಿನ ಪಕ್ಕ ಹುಲ್ಲಿನ ಮೇಲೆ ಬಿಳಿ ಟವೆಲ್ ಹಾಸಿಕೊಂಡು ಚೆಕ್ಕೋನ್ ಮಲಗಿದ್ದಾರೆ. ಸೌದಿ ಅರೇಬಿಯದ ರೋಯಿಂಗ್ ಪಟುವೊಬ್ಬರು ಹಂಚಿಕೊಂಡ ಚಿತ್ರ ಅದು. ಸೆಕೆ, ಗದ್ದಲದಿಂದ ಇಲ್ಲಿ ನಿದ್ದೆ ಬರುವುದಿಲ್ಲ ಎಂದು ಚೆಕ್ಕೋನ್ ಮೊದಲೇ ಹೇಳಿದ್ದರು. ಜಗತ್ತು ಆ ನಿದ್ದೆಯನ್ನೂ ಹಂಚಿಕೊಂಡಿತು.

ಮುಖವನ್ನು ನೋಡಿದೆವು, ನಿದ್ದೆಯನ್ನು ನೋಡಿದೆವು. ಈಜನ್ನು?

ಬ್ಯಾಕ್‌ಸ್ಟ್ರೋಕ್‌ನಲ್ಲಿ ಈಜುವವರಿಗೆ ಗುರಿ ಕಾಣುವುದಿಲ್ಲ. ಅಂಗಾತ ಮಲಗಿದವರ ಕಣ್ಣಿಗೆ ಬೀಳುವುದು ಸೂರು ಮಾತ್ರ. ಗೋಡೆ ಇನ್ನು 5 ಮೀಟರ್ ಇದೆ ಎನ್ನುವಾಗ ತಲೆಯ ಮೇಲೆ ಪುಟ್ಟ ಬಾವುಟಗಳ ಸಾಲೊಂದು ಹಾಯುತ್ತದೆ. ಅಲ್ಲಿಂದ ಇನ್ನೆಷ್ಟು ಬಾರಿ ಕೈ ಬೀಸಬೇಕು ಎಂಬುದು ಮೈಗೆ ಗೊತ್ತಿರಬೇಕು. ಒಂದು ಹೆಚ್ಚಾದರೆ ಗೋಡೆಗೆ ಡಿಕ್ಕಿ, ಒಂದು ಕಡಿಮೆಯಾದರೆ ಪದಕ ಕೈತಪ್ಪುತ್ತದೆ. ಅಂದು ಎರಡನೆಯವರಾದ ಚೀನಾದ ಶು ಜಿಯಾಯು ಹಿಂದೆ ಬಿದ್ದದ್ದು ಸೆಕೆಂಡಿನ ನೂರು ಪಾಲಿನಲ್ಲಿ 32 ಪಾಲಿನಿಂದ. ಮುಖ ನೋಡಿ ಮಣೆ ಹಾಕುವ ರೂಢಿ ನಮಗಿದೆ. ಮುಟ್ಟಿದ ಕ್ಷಣವನ್ನು ಗುರುತಿಸುವ, ಕೊಳದ ಗೋಡೆಯಲ್ಲಿರುವ ಟಚ್‌ಪ್ಯಾಡಿಗೆ ಇಲ್ಲ.

ಇದೇ ಚೆಕ್ಕೋನ್ 2022ರಲ್ಲಿ ಬುಡಾಪೆಸ್ಟ್‌ನಲ್ಲಿ ಇದೇ ಸ್ಪರ್ಧೆಯನ್ನು 51.60 ಸೆಕೆಂಡಿನಲ್ಲಿ ಈಜಿ ವಿಶ್ವದಾಖಲೆ ಬರೆದಿದ್ದರು. ಆಗಲೂ ಮುಖ ಇದೇ ಆಗಿತ್ತು. ಈಜು ಬಲ್ಲವರನ್ನು ಬಿಟ್ಟರೆ ತಿರುಗಿ ನೋಡಿದವರು ಎಷ್ಟು ಜನ?

ದೂರದ ಮಾತೇಕೆ? ಪ್ಯಾರಿಸ್‌ನಲ್ಲಿ ಇದೇ ಸ್ಪರ್ಧೆಗೆ ಇಳಿದವರಲ್ಲಿ ನಮ್ಮ ಬೆಂಗಳೂರಿನ ಶ್ರೀಹರಿ ನಟರಾಜ್ ಕೂಡ ಇದ್ದರು. 2021ರಲ್ಲಿ ಅದೇ ಇಟಲಿಯ ರೋಮ್‌ನಲ್ಲಿ 53.77 ಸೆಕೆಂಡಿಗೆ ಈಜಿ, ಟೋಕಿಯೊ ಒಲಿಂಪಿಕ್ಸ್‌ಗೆ ನೇರ ಅರ್ಹತೆ ಪಡೆದವರು. ಇಟಲಿಯ ಚೆಲುವನ ಚಿತ್ರ ಹಂಚಿಕೊಂಡ ನಮ್ಮಲ್ಲಿ ಎಷ್ಟು ಮಂದಿಗೆ ಇದು ಗೊತ್ತಿತ್ತು?

ಚೆಲುವನ್ನು ಮೆಚ್ಚುವುದರಲ್ಲಿ ತಪ್ಪೇನೂ ಇಲ್ಲ. ನಾಲ್ಕು ವರ್ಷಕ್ಕೊಮ್ಮೆ ಜನ ನೆನೆಯುವ ಆಟಕ್ಕೆ ಅದರಿಂದ ಒಳ್ಳೆಯದೇ ಆದೀತು. ಮುಖ ನೋಡಿ ಬಂದವರಲ್ಲಿ ಕೆಲವರಾದರೂ ಈಜು ನೋಡಲು ಉಳಿದಾರು. ಆದರೆ ಆಟಗಾರ ವರ್ಷಗಟ್ಟಲೆ ಬೆವರು ಸುರಿಸಿ ಗಳಿಸಿದ್ದು ಆ ಮುಖವನ್ನಲ್ಲ. ಗಳಿಸಿದ್ದನ್ನು ನೋಡದೆ ಹುಟ್ಟಿನಿಂದ ಬಂದದ್ದನ್ನಷ್ಟೇ ಹೊಗಳಿದರೆ, ಆ ಹೊಗಳಿಕೆಯಲ್ಲಿ ಅವರ ಪಾಲು ಏನೂ ಇರುವುದಿಲ್ಲ.

ಇನ್ನೊಮ್ಮೆ ಇಂಥ ಚಿತ್ರ ಮೊಬೈಲಿಗೆ ಬಂದಾಗ, ಹಂಚುವ ಮೊದಲು ಅವರ ಆಟವನ್ನೂ ಒಮ್ಮೆ ಪೂರ್ತಿ ನೋಡೋಣ. ಚೆಕ್ಕೋನ್ ಅವರದ್ದಾದರೆ ಒಂದು ನಿಮಿಷವೂ ಬೇಕಾಗಿಲ್ಲ.